ಅಕ್ಕನ ಮಗನಿಗೆ ಗುಂಡು ಎಸೆತವಾ, ಜಾವೆಲಿನ್ನಾ?

ಕಾಪುವಿನ ಮಾಮ:
ಅಕ್ಕನ ಮಗನಿಗೆ 19 ವರ್ಷ, ಎತ್ತರ 4 ಅಡಿ 3 ಇಂಚು. ಉಡುಪಿಯಲ್ಲಿ ಡಿಗ್ರಿ ಓದುತ್ತಿದ್ದಾನೆ. ಅಷ್ಟಮಿ ಬಂತೆಂದರೆ ಸಾಕು, ನೀನೊಂದು ವೇಷ ಹಾಕು ಮಾರಾಯ, ಜನ ನಗ್ತಾರೆ ಅಂತ ಯಾರಾದರೂ ಮನೆಗೇ ಬರುತ್ತಾರೆ. ಅವನಿಗೆ ಅದು ಸಾಕಾಗಿ ಹೋಗಿದೆ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವನ ಹಾಗೆಯೇ ಕುಳ್ಳಗಿರುವ ನಮ್ಮ ನವದೀಪ್ ಸಿಂಗ್ ಎಸೆದ ವಿಡಿಯೊ ನೋಡಿದ ಮೇಲೆ ಜಾವೆಲಿನ್ ಹುಚ್ಚು. ಸಂಜೆ ಅಜ್ಜರಕಾಡು ಮೈದಾನಕ್ಕೆ ನಾನೇ ಸ್ಕೂಟರಲ್ಲಿ ಬಿಡುತ್ತೇನೆ. ಅಲ್ಲಿ ಯಾರೋ ಒಬ್ಬರು ನಿನಗೆ ಗುಂಡೇ ಸರಿ ಅಂದು 7.26 ಕೆಜಿಯದ್ದು ಕೈಗೆ ಕೊಟ್ಟರು. ಈಗ ಮಣಿಕಟ್ಟು ಊದಿ, ಎಂಟು ದಿನದಿಂದ ಎಡಗೈಯಲ್ಲಿ ಊಟ. ಯಾವುದು ಹಿಡಿಯುವುದು? ಗೊತ್ತಿದ್ದವರು ಹೇಳಿ.

ಮಣ್ಣಗುಡ್ಡೆ ಎಸೆತಗಾರ:
ಮಾಮ, ಮೊದಲು ಆ ಗುಂಡು ಬಿಡಿಸಿ! ಪ್ಯಾರಾ ಕೂಟಗಳಲ್ಲಿ ಎತ್ತರ ಕಡಿಮೆ ಇರುವವರ ವಿಭಾಗದಲ್ಲಿ ಗಂಡಸರಿಗೆ ಗುಂಡು 4 ಕೆಜಿ, ಜಾವೆಲಿನ್ 600 ಗ್ರಾಂ. ಕಾಲೇಜಿನ ಹುಡುಗಿಯರು ಎಸೆಯುವ ತೂಕವೇ. ದುಡ್ಡು ಕೊಟ್ಟು ತರುವುದು ಬೇಡ, ಸ್ಪೋರ್ಟ್ಸ್ ರೂಮಿನಲ್ಲಿ ಕೇಳಿದರೆ ಸಿಗುತ್ತದೆ. ಹುಡುಗಿಯರದ್ದು ಅಂತ ಯಾರಾದರೂ ನಕ್ಕರೆ, ನವದೀಪ್ ಚಿನ್ನ ತಂದದ್ದೂ 600 ಗ್ರಾಮಿನದ್ದರಲ್ಲೇ ಅನ್ನಲಿ.

ಗುಂಡಾ ಜಾವೆಲಿನ್ನಾ ಅನ್ನುವುದು ಆಮೇಲೆ. ಮೊದಲು ಟೇಪ್ ಹಿಡಿಯಿರಿ. ಗಂಡಸರಲ್ಲಿ 130 ಸೆಂ.ಮೀ. ಒಳಗಿದ್ದರೆ ಎಫ್40 ಅನ್ನುವ ವಿಭಾಗ, 145ರ ಒಳಗೆ ಎಫ್41. ಎತ್ತರ ಒಂದೇ ಅಲ್ಲ, ತೋಳಿನ ಉದ್ದವನ್ನೂ ಅಳೆಯುತ್ತಾರೆ. ನಿಮ್ಮ ಹುಡುಗ ಸರಿಯಾಗಿ ಗಡಿಯ ಮೇಲೆ ನಿಂತಿದ್ದಾನೆ. ಪ್ಯಾರಿಸ್‌ನಲ್ಲಿ ಗಂಡಸರ ಗುಂಡು ಎರಡಕ್ಕೂ ಬೇರೆಬೇರೆ ಇತ್ತು, ಜಾವೆಲಿನ್ ಇದ್ದದ್ದು ಎಫ್41ಕ್ಕೆ ಮಾತ್ರ.

ಬಿಸಿಬಿಸಿ ಗೋಳಿಬಜೆ:
ನವದೀಪನದ್ದು ಅದೃಷ್ಟ ಅಲ್ವಾ? ಇರಾನಿನವ 47.64 ಎಸೆದಿದ್ದ, ಅವನನ್ನು ಅನರ್ಹ ಮಾಡಿದ್ದಕ್ಕೆ ಚಿನ್ನ ಬಂತು.

ಮಣ್ಣಗುಡ್ಡೆ ಎಸೆತಗಾರ:
ಟೋಕಿಯೊದಲ್ಲಿ 40.80 ಎಸೆದು ನಾಲ್ಕನೆಯವನಾಗಿದ್ದ, ಮೂರು ವರ್ಷದಲ್ಲಿ 47.32ಕ್ಕೆ ಬಂದ. ಆರೂವರೆ ಮೀಟರ್ ಅದೃಷ್ಟದಲ್ಲಿ ಬರುತ್ತದಾ? ಗೋಳಿಬಜೆ ತಿನ್ನಿ ಸುಮ್ನೆ.

ಸುರತ್ಕಲ್ ಕಡಲು:
ನಾನೂ ಕುಳ್ಳಿಯೇ, ಗುಂಡು ಎಸೆಯುತ್ತಿದ್ದೆ. ಒಂದು ಕೂಟದಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂತು ಎಸೆಯುವವರ ಪಟ್ಟಿಗೆ ಸೇರಿಸಿಬಿಟ್ಟಿದ್ದರು, ನಾವು ನಿಂತೇ ಎಸೆಯುವವರು ಅಂತ ಮೇಜಿನ ಹತ್ತಿರ ಹೋಗಿ ಹೇಳುವಷ್ಟರಲ್ಲಿ ನನ್ನ ಹೆಸರು ಕೂಗಿ ಮುಗಿದಿತ್ತು. ಅಣ್ಣ, ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಮಾಡಿಸಿ, ಹೋಗುವ ಮೊದಲು ಪಟ್ಟಿಯಲ್ಲಿ ವಿಭಾಗ ಸರಿ ಉಂಟಾ ನೋಡಿ. ಗುಂಡು ಅಂದರೆ ಸಣ್ಣದು ಅಂತ ಅವನಿಗೆ ಅನ್ನಿಸದಿರಲಿ. ಟುನೀಶಿಯಾದ ರವುವಾ ತ್ಲಿಲಿ 2008ರ ಬೀಜಿಂಗ್‌ನಿಂದ ಪ್ಯಾರಿಸ್‌ವರೆಗೆ ಒಂದು ಪ್ಯಾರಾಲಿಂಪಿಕ್ಸನ್ನೂ ಬಿಡದೆ ಅದರಲ್ಲಿ ಚಿನ್ನ ಗೆದ್ದಿದ್ದಾಳೆ. ನಮ್ಮವರೇ ರವಿ ರೊಂಗಲಿ, ಎಫ್40, ಪ್ಯಾರಿಸ್‌ನಲ್ಲಿ 10.63 ಎಸೆದು ಐದನೆಯವರಾದರು. ಕೈ ಗುಣವಾಗುವವರೆಗೆ ಎರಡೂ ಬೇಡ.

ಕಾಪುವಿನ ಮಾಮ:
ಎಲ್ಲರಿಗೂ ಥ್ಯಾಂಕ್ಸ್. ಬಡಗಿಯ ಟೇಪ್ ತಂದು ಗೋಡೆಗೆ ನಿಲ್ಲಿಸಿ ಅಳೆದೆ. ಬೆಳಿಗ್ಗೆ 130.5, ಸಂಜೆ ಮೈದಾನದಿಂದ ಬಂದ ಮೇಲೆ 129.8. ಇಷ್ಟು ವರ್ಷ ಫೋಟೋ ತೆಗೆಯುವಾಗ ತುದಿಗಾಲಲ್ಲಿ ನಿಲ್ಲುತ್ತಿದ್ದವನಿಗೆ, ಹಿಮ್ಮಡಿ ಊರಿ ನಿಲ್ಲು ಮಾರಾಯ ಅಂತ ನಾನೇ ಬೈಯಬೇಕಾಯಿತು. ಅವನಿಗೋ ಜಾವೆಲಿನ್ನೇ ಬೇಕು. ನಾಳೆ ಬೆಳಿಗ್ಗೆ ಮತ್ತೊಮ್ಮೆ ಅಳೆಯಿರಿ ಮಾಮ ಅಂತ ಈಗಲೇ ಹೇಳಿ ಮಲಗಿದ್ದಾನೆ.