ಪದಚರ್ಚೆ: ಮಲೇರಿಯಾ ಆ್ಯಪಿಗೆ ‘ಸರ್ವೇಲೆನ್ಸ್’, ‘ಎಲಿಮಿನೇಷನ್’ ಪದಗಳಿಗೆ ಕನ್ನಡ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ಆರೋಗ್ಯ ಕಾರ್ಯಕರ್ತರು ಮೊಬೈಲಿನಲ್ಲಿ ಬಳಸುವ ಮಲೇರಿಯಾ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪದಪಟ್ಟಿಯನ್ನು ನಾಳೆ ಸಂಜೆಯೊಳಗೆ ಕೊಡಬೇಕು. ಎರಡು ಕಡೆ ನಿಂತುಬಿಟ್ಟಿದ್ದೇನೆ.

ಮೊದಲನೆಯದು ‘ಸರ್ವೇಲೆನ್ಸ್’. ಸರ್ವೇಕ್ಷಣೆ, ಕಣ್ಗಾವಲು, ನಿಗಾ ಮೂರೂ ಬಳಕೆಯಲ್ಲಿವೆ. ಆದರೆ ಇಲ್ಲಿ ಕೆಲಸ ಬರೀ ನೋಡುವುದಲ್ಲ. ಜ್ವರ ಬಂದವರ ರಕ್ತ ಪರೀಕ್ಷಿಸಿ, ಫಲಿತಾಂಶವನ್ನು ಫೋನಿನಲ್ಲೇ ತುಂಬಿ ಕಳಿಸುತ್ತಾರೆ. ಸೋಂಕು ಇದ್ದರೆ ಮೇಲಿನವರಿಗೆ ಕೂಡಲೇ ಎಸ್ಸೆಮ್ಮೆಸ್ ಹೋಗುತ್ತದೆ. ಅವರು ಆ ಮನೆಗೆ ಹೋಗಿ ಅಕ್ಕಪಕ್ಕದವರನ್ನೂ ಪರೀಕ್ಷಿಸುತ್ತಾರೆ, ಸೊಳ್ಳೆ ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕುತ್ತಾರೆ, ಜಾಗವನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಇಷ್ಟೂ ಸೇರಿ ‘ಸರ್ವೇಲೆನ್ಸ್’.

ಎರಡನೆಯದು ‘ಎಲಿಮಿನೇಷನ್’ ಮತ್ತು ‘ಎರಾಡಿಕೇಷನ್’. ನಾವು ಎರಡಕ್ಕೂ ‘ನಿರ್ಮೂಲನೆ’ ಎಂದೇ ಬರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇವೆರಡೂ ಬೇರೆ. ಒಂದು ಪ್ರದೇಶದೊಳಗೆ ಹರಡುವುದು ನಿಂತರೆ ಎಲಿಮಿನೇಷನ್. ಇಡೀ ಜಗತ್ತಿನಿಂದಲೇ ಶಾಶ್ವತವಾಗಿ ಹೋದರೆ ಎರಾಡಿಕೇಷನ್. ಸಹಾಯ ಪುಟದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಹಾಗಾಗಿ ಒಂದೇ ಪದ ಹಾಕಿ ದಾಟುವಂತಿಲ್ಲ.

ಉತ್ತರ 1

ಕಣ್ಗಾವಲು. ಆದೇಶಸಂಧಿ, ಅಚ್ಚಕನ್ನಡ, ಎಲ್ಲರಿಗೂ ಗೊತ್ತಿರುವ ಪದ. ಸರ್ವೇಕ್ಷಣೆ ಅಂದರೆ ಜನ ಸರ್ವೆ ಅಂದುಕೊಳ್ಳುತ್ತಾರೆ. ಅದು ಒಮ್ಮೆ ಮಾಡಿ ಮುಗಿಸುವಂಥದ್ದು. ‘ನಿಗಾ’ ಪಾರಸಿ, ಬೇಡ.

ಹಾಗೆಯೇ, ಮಲೇರಿಯಾಗೆ ‘ಚಳಿಜ್ವರ’ ಇದೆ. ಮೊಬೈಲಿಗೆ ‘ಅಲೆಯುಲಿ’ ಇದೆ. ಮನೆಯಲ್ಲಿ ಪದ ಇಟ್ಟುಕೊಂಡು ಸಾಲ ತರುವುದು ಸೋಮಾರಿತನ.

ಉತ್ತರ 2

> ‘ನಿಗಾ’ ಪಾರಸಿ, ಬೇಡ

ಇದು ಕಾರಣವೇ ಅಲ್ಲ. ಅರ್ಜಿ, ಜಮೀನು, ಖರ್ಚು, ಬಾಕಿ ಎಲ್ಲವನ್ನೂ ಬಿಡುತ್ತೀರಾ? ‘ತೀವ್ರ ನಿಗಾ ಘಟಕ’ ಎಂದು ಪತ್ರಿಕೆಗಳು ದಿನಾ ಬರೆಯುತ್ತವೆ. ಯಾರಿಗೂ ತೊಡಕಾಗಿಲ್ಲ.

ಕಣ್ಗಾವಲು ಅಂದ ಕೂಡಲೇ ಸಿಸಿಟಿವಿ, ಪೊಲೀಸು ಕಣ್ಣಿಗೆ ಬರುತ್ತವೆ. ಈ ಆ್ಯಪ್ ಜನರ ಹೆಸರು, ಫೋನ್ ನಂಬರು, ಮನೆ ಇರುವ ಜಾಗ ಎಲ್ಲ ಕೇಳುತ್ತದೆ ಅಲ್ವಾ? ಇತ್ತೀಚೆಗೆ ಯಾವ ಊರಿಗೆ ಹೋಗಿದ್ದಿರಿ, ರಾತ್ರಿ ಎಲ್ಲಿ ಮಲಗಿದ್ದಿರಿ ಎಂದೂ ಕೇಳಲೇಬೇಕು. ಮಲೇರಿಯಾ ತುಂಬ ಕಡಿಮೆಯಾದ ಕಡೆ ಉಳಿಯುವ ಕೇಸುಗಳಲ್ಲಿ ಹೊರಗಿನಿಂದ ಬಂದವರದ್ದೇ ಜಾಸ್ತಿ. ಕೆಲಸ ಹುಡುಕಿಕೊಂಡು ಬಂದವರು, ಸರಿಯಾದ ಗುರುತಿನ ಚೀಟಿ ಇಲ್ಲದವರು ಅವರಲ್ಲಿ ಇರುತ್ತಾರೆ. ಪರದೆಯ ಮೇಲೆ ‘ಕಣ್ಗಾವಲು’ ಎಂದು ಕಂಡರೆ ಅವರು ಬಾಯಿ ಬಿಡುವುದಿಲ್ಲ. ಜ್ವರವನ್ನೇ ಮುಚ್ಚಿಡುತ್ತಾರೆ. ಅಲ್ಲಿಗೆ ಆ್ಯಪಿನ ಕೆಲಸವೇ ಕೆಟ್ಟಿತು.

‘ನಿಗಾ’ದಲ್ಲಿ ಕಾಳಜಿಯೂ ಇದೆ. ಮಗುವಿನ ಮೇಲೆ ನಿಗಾ ಇರಲಿ ಅನ್ನುತ್ತೇವೆ. ಮಗುವಿನ ಮೇಲೆ ಕಣ್ಗಾವಲು ಇರಲಿ ಅನ್ನುವುದಿಲ್ಲ.

ಉತ್ತರ 3

ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಉತ್ತರ ಪದದೊಳಗೇ ಇದೆ.

‘ಎರಾಡಿಕೇಷನ್’ ಲ್ಯಾಟಿನ್ನಿನ ‘ರಾಡಿಕ್ಸ್’ನಿಂದ ಬಂದದ್ದು. ಅಂದರೆ ಬೇರು. ಬೇರುಸಹಿತ ಕೀಳುವುದು. ‘ನಿರ್ಮೂಲನೆ’ ಅದಕ್ಕೆ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ‘ಎಲಿಮಿನೇಷನ್’ನಲ್ಲಿರುವುದು ‘ಲೀಮೆನ್’, ಹೊಸ್ತಿಲು. ಹೊಸ್ತಿಲಿನಿಂದ ಆಚೆ ಹಾಕುವುದು. ರೋಗ ಲೋಕದಲ್ಲಿ ಇದ್ದೇ ಇರುತ್ತದೆ, ನಮ್ಮ ಮನೆಯಲ್ಲಿ ಇರುವುದಿಲ್ಲ. ಆರೋಗ್ಯ ಸಂಸ್ಥೆ ಹೇಳುವ ಅರ್ಥವೂ ಇದೇ. ಆದ್ದರಿಂದ ‘ಮಲೇರಿಯಾ ಗಡಿಪಾರು’ ಎಂದು ಹಾಕಿ. ಚಿಕ್ಕದು, ಗಟ್ಟಿಯಾದದ್ದು, ಮರೆಯುವಂಥದ್ದಲ್ಲ.

ಉತ್ತರ 4

ಗಡಿಪಾರು ಖಂಡಿತ ಬೇಡ. ಗಡಿಪಾರು ಮಾಡುವುದು ಮನುಷ್ಯರನ್ನು. ವಲಸೆ ಬಂದವರ ಬಾಗಿಲು ತಟ್ಟುವ ಕಾರ್ಯಕರ್ತೆಯ ಕೈಯಲ್ಲಿರುವ ಫೋನಿನಲ್ಲಿ ಆ ಪದ ಇರಲೇಬಾರದು.

ಪದಮೂಲ ನೋಡಿ ಪದ ಕಟ್ಟುವ ಅಭ್ಯಾಸವನ್ನೂ ಬಿಡಿ. ‘ಮಲೇರಿಯಾ’ದ ಮೂಲ ಇಟಲಿಯವರ ‘ಕೆಟ್ಟ ಗಾಳಿ’. ಆ ಮೂಲವನ್ನೇ ನಂಬಿ ಕೂತಿದ್ದರೆ 1897ರಲ್ಲಿ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾದ ಪರಾವಲಂಬಿಗಾಗಿ ಸೊಳ್ಳೆಯ ಹೊಟ್ಟೆ ಬಗೆದು ನೋಡುತ್ತಿರಲಿಲ್ಲ.

ಆದರೆ ಎರಡು ಪದ ಬೇಕೇ ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಶ್ರೀಲಂಕಾದಲ್ಲಿ 1963ರಲ್ಲಿ ಸಿಕ್ಕಿದ್ದು ಬರೀ 17 ಕೇಸು. ಮುಗಿಯಿತು ಅಂದುಕೊಂಡರು. ಔಷಧ ಸಿಂಪಡಿಸುವುದು, ಹುಡುಕುವುದು ಎಲ್ಲ ಸಡಿಲವಾಯಿತು. ಅದೇ ದಶಕದ ಕೊನೆಗೆ ಕೇಸುಗಳು ಮತ್ತೆ ಲಕ್ಷಗಟ್ಟಲೆ ಆದವು. ಮಲೇರಿಯಾ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದ್ದು 2016ರಲ್ಲಿ. ಸತತ ಮೂರು ವರ್ಷ ಸ್ಥಳೀಯ ಕೇಸು ಒಂದೂ ಇರಬಾರದು, ಆಗ ಮಾತ್ರ ಅದನ್ನು ಕೊಡುತ್ತಾರೆ. ಕೊಟ್ಟ ಮೇಲೂ ಸೊಳ್ಳೆ ಅಲ್ಲೇ ಇರುತ್ತದೆ. ಸೋಂಕು ಹೊತ್ತು ಒಬ್ಬರು ಬಂದರೂ ಸಾಕು. ‘ನಿರ್ಮೂಲನೆ’ ಎಂದು ಓದಿದವರಿಗೆ ಇನ್ನೇನೂ ಉಳಿದಿಲ್ಲ ಅನ್ನಿಸುತ್ತದೆ. ಉಳಿದಿದೆ ಅನ್ನುವುದನ್ನು ಪದ ಮರೆಸಬಾರದು.

ನನ್ನ ಸಲಹೆ: ಎಲಿಮಿನೇಷನ್‌ಗೆ ‘ಮಲೇರಿಯಾ ಹೊರಗಟ್ಟುವುದು’, ಎರಾಡಿಕೇಷನ್‌ಗೆ ‘ನಿರ್ಮೂಲನೆ’.

ಉತ್ತರ 5

1ನೇ ಉತ್ತರದ ‘ಚಳಿಜ್ವರ’ ಅಪಾಯಕಾರಿ ಸಲಹೆ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಚಳಿ ಹತ್ತಿ ಜ್ವರ ಬರುವ ಬೇರೆ ಕಾಯಿಲೆಗಳು ಬೇಕಾದಷ್ಟಿವೆ. ಮಲೇರಿಯಾ ಇದ್ದವರಿಗೆಲ್ಲ ಚಳಿ ಬರಲೇಬೇಕು ಅಂತಿಲ್ಲ. ರಕ್ತದಲ್ಲಿ ಪರಾವಲಂಬಿ ಇದ್ದೂ ಆರಾಮಾಗಿ ಓಡಾಡುವವರೂ ಇದ್ದಾರೆ. ವೈವಾಕ್ಸ್ ಎಂಬ ಬಗೆಯ ಪರಾವಲಂಬಿ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಏಳುತ್ತದೆ. ‘ಚಳಿಜ್ವರ ಇದೆಯೇ?’ ಎಂಬ ಪ್ರಶ್ನೆಗೆ ಜನ ‘ಚಳಿ ಇಲ್ಲ’ ಅನ್ನುತ್ತಾರೆ. ಕಾರ್ಯಕರ್ತೆ ಪರೀಕ್ಷೆ ಮಾಡದೆ ಮುಂದಿನ ಮನೆಗೆ ಹೋಗುತ್ತಾಳೆ. ನಾವು ಹುಡುಕುತ್ತಿರುವುದು ಬಿಟ್ಟುಹೋಗುವ ಆ ಒಂದು ಕೇಸನ್ನೇ.

ಉತ್ತರ 6 (1ನೇ ಉತ್ತರ ಬರೆದವನೇ)

ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಹೇಳಿ ಕನ್ನಡವನ್ನು ಖಾಲಿ ಮಾಡುತ್ತೀರಿ. ಕಾಯಿಲೆಯ ಹೆಸರು ಇಟಲಿಯದ್ದು, ನೋಡುವ ಪದ ಪಾರಸಿಯದ್ದು, ‘ಕೇಸ್’ ಇಂಗ್ಲಿಷು. ನಮ್ಮದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಕನ್ನಡಕ್ಕೆ ಹೊಸ ಕೆಲಸ ಕೊಡದಿದ್ದರೆ ಅದು ಹೊಸದನ್ನು ಹೇಳಲು ಕಲಿಯುವುದು ಯಾವಾಗ?

ಉತ್ತರ 2 ಬರೆದವರಿಂದ

ಹೊಸ ಕೆಲಸ ಕೊಡೋಣ, ನನಗೂ ಆಸೆ ಇದೆ. ಜ್ವರದವರ ಮೇಲೆ ಪ್ರಯೋಗ ಬೇಡ. ‘ಕೇಸ್’ ಪದವನ್ನು ಕಾರ್ಯಕರ್ತರೇ ಬಳಸುತ್ತಾರೆ, ಆದ್ದರಿಂದ ಅದು ಅವರ ಕನ್ನಡ. ಸಾಲ ತಂದದ್ದು ಅವರಿಗೆ ನೆನಪೂ ಇಲ್ಲ.

ಉತ್ತರ 7

ಇಷ್ಟು ಜಗಳದ ನಡುವೆ ಎಸ್ಸೆಮ್ಮೆಸ್ಸಿನ ಅಳತೆಯನ್ನು ಯಾರೂ ಕೇಳಿಲ್ಲ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಯುನಿಕೋಡಿನಲ್ಲಿ 70 ಮಾತ್ರ. ಸ್ವರಚಿಹ್ನೆ, ಒತ್ತಿಗೆ ಬೇಕಾದ ಹಲಂತ (್) ಎಲ್ಲವೂ ಬೇರೆ ಬೇರೆ ಎಣಿಕೆಯಾಗುತ್ತವೆ. ‘ಸರ್ವೇಕ್ಷಣೆ’ 10, ‘ಕಣ್ಗಾವಲು’ 8, ‘ನಿಗಾ’ 4. ಸಂದೇಶ ಎರಡು ತುಂಡಾದರೆ ಖರ್ಚೂ ಎರಡರಷ್ಟು. ಇಂಟರ್ನೆಟ್ ಸಿಗದ ಕಡೆ ಎಸ್ಸೆಮ್ಮೆಸ್ಸೇ ದಿಕ್ಕು.

ಇನ್ನೊಂದು ಮಾತು. 2021ರಲ್ಲಿ ಪ್ರಮಾಣಪತ್ರ ಪಡೆದ ಚೀನಾದಲ್ಲಿ ‘1-3-7’ ಎಂಬ ಕ್ರಮ ಇತ್ತು. ಒಂದು ದಿನದೊಳಗೆ ವರದಿ, ಮೂರು ದಿನದೊಳಗೆ ತನಿಖೆ, ಏಳು ದಿನದೊಳಗೆ ಆ ಜಾಗದಲ್ಲಿ ಹರಡದಂತೆ ಕ್ರಮ. ನಿಮ್ಮ ಆ್ಯಪಿನಲ್ಲೂ ಇಂಥ ಗಡುವು ಇದ್ದರೆ ಸಂದೇಶದಲ್ಲಿ ಅಂಕಿ ಹಾಕಿ. ‘ನಿಗಾ: ಹೊಸ ಕೇಸ್. 3 ದಿನದೊಳಗೆ ಮನೆ ಭೇಟಿ.’ ಇಷ್ಟು ಸಾಕು.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನಿಗಾ, ಹೊರಗಟ್ಟುವುದು, ನಿರ್ಮೂಲನೆ ಎಂದೇ ಕಳಿಸುತ್ತಿದ್ದೇನೆ. ಮಲೇರಿಯಾ, ಮೊಬೈಲ್, ಕೇಸ್ ಹಾಗೇ ಇರುತ್ತವೆ.

ಒಂದು ಉಳಿದಿದೆ. ಸೋಂಕು ಎಲ್ಲಿಂದ ಬಂತು ಎಂದು ಆರಿಸುವ ಪಟ್ಟಿಯಲ್ಲಿ ‘ಇಂಪೋರ್ಟೆಡ್’, ‘ಇಂಟ್ರೊಡ್ಯೂಸ್ಡ್’, ‘ಇಂಡಿಜಿನಸ್’ ಇವೆ. ಮೊದಲನೆಯದು ಬೇರೆ ಕಡೆ ತಗುಲಿಸಿಕೊಂಡು ಬಂದದ್ದು. ಎರಡನೆಯದು ಹಾಗೆ ಬಂದವರಿಂದ ಇಲ್ಲಿಯ ಸೊಳ್ಳೆಯ ಮೂಲಕ ನೇರವಾಗಿ ಇಲ್ಲಿಯವರಿಗೆ ಹರಡಿದ್ದು. ಮೂರನೆಯದು ಹಾಗೆ ಹೊರಗಿನ ಕೇಸಿನಿಂದ ನೇರವಾಗಿ ಬಾರದೆ ಇಲ್ಲೇ ತಗುಲಿದ್ದು. ಮೊದಲಿನ ಎರಡು ಕನ್ನಡದಲ್ಲಿ ಕಲಸಿಹೋಗುತ್ತಿವೆ.

ಉತ್ತರ 4 ಬರೆದವರಿಂದ

‘ಹೊರಗೆ ತಗುಲಿದ್ದು’, ‘ಹೊರಗಿನವರಿಂದ ಇಲ್ಲಿ ತಗುಲಿದ್ದು’, ‘ಇಲ್ಲಿನದೇ’.

ಉತ್ತರ 6 ಬರೆದವರಿಂದ

‘ಹೊರಗಿನವರಿಂದ’ ಬೇಡ, ‘ಹೊರಗಿನ ಕೇಸಿನಿಂದ’ ಎಂದು ಮಾಡಿ. ಸೋಂಕು ಹೊರಗಿನದು, ಜನ ಅಲ್ಲ. ಉಳಿದೆರಡು ಒಪ್ಪಿಗೆ.