ಟಾನ್ಸಿಲ್‌ನಲ್ಲಿ ಪದೇ ಪದೇ ಕಲ್ಲು, ಮೈಸೂರಿನವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ, ವಯಸ್ಸು 34. ಹೇಳಿಕೊಳ್ಳೋಕೆ ಮುಜುಗರ, ಆದರೂ ಕೇಳುತ್ತಿದ್ದೇನೆ.

ಒಂದು ವರ್ಷದಿಂದ ಬಾಯಿ ವಾಸನೆ. ಹಲ್ಲಿನ ಡಾಕ್ಟರ್ ಕ್ಲೀನಿಂಗ್ ಮಾಡಿ ಕಳಿಸಿದರು. ಇನ್ನೊಬ್ಬರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದವರು ಒಬ್ಬರೂ ಇಲ್ಲ! ಹೋದ ತಿಂಗಳು ಕೆಮ್ಮಿದಾಗ ಅಕ್ಕಿ ಕಾಳಿನಷ್ಟು ದಪ್ಪದ ಹಳದಿ ಉಂಡೆ ಬಾಯಿಗೆ ಬಂತು. ಬೆರಳಲ್ಲಿ ಹಿಸುಕಿದೆ. ಅಯ್ಯೋ, ಆ ನಾತ ಕೇಳಬೇಡಿ.

ಕೊನೆಗೆ ಇಎನ್‌ಟಿ ಡಾಕ್ಟರ್ ನೋಡಿ ಟಾನ್ಸಿಲ್ ಕಲ್ಲು ಅಂದರು. ಟಾನ್ಸಿಲ್ ಮೇಲಿನ ಸಣ್ಣ ಗುಳಿಗಳಲ್ಲಿ ಊಟದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲ ಸೇರಿಕೊಂಡು, ಕ್ಯಾಲ್ಸಿಯಂ ಕೂಡಿ ಗಟ್ಟಿಯಾಗುತ್ತದಂತೆ. ಸಾಮಾನ್ಯವಾಗಿ ಅಪಾಯ ಇಲ್ಲ, ಬಿಸಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ನೀರು ಜಾಸ್ತಿ ಕುಡಿಯಿರಿ ಅಂದರು. ಪಿನ್ನು, ಕಡ್ಡಿ ಹಾಕಿ ಕೆದಕಿದರೆ ಗಾಯವಾಗಿ ರಕ್ತ ಬರುತ್ತದೆ ಅಂತಲೂ ಹೆದರಿಸಿದರು. (ಅಷ್ಟರಲ್ಲಿ ನಾನು ಇಯರ್‌ಬಡ್ ಹಾಕಿ ನೋಡಿಯಾಗಿತ್ತು.)

ವಾಸನೆ ಕಮ್ಮಿಯಾಗಿದೆ. ಕಲ್ಲು ಮಾತ್ರ 15 ದಿನಕ್ಕೊಮ್ಮೆ ಹಾಜರ್. ಎಡಗಿವಿಯೂ ಆಗಾಗ ನೋಯುತ್ತದೆ. ಹೀಗೇ ಕಾಡಿದರೆ ಟಾನ್ಸಿಲ್ ತೆಗೆಸುವ ಮಾತು ಬಂದಿದೆ. ದೊಡ್ಡವರಿಗೆ ಈ ಆಪರೇಷನ್ ಆದಮೇಲೆ ನೋವು ಒಂದೆರಡು ವಾರ ಇರುತ್ತದೆ, ಅದೇ ಭಯ.

ಇಲ್ಲಿ ಯಾರಾದರೂ ಮಾಡಿಸಿಕೊಂಡಿದ್ದೀರಾ? ಎಷ್ಟು ದಿನ ರಜೆ ಬೇಕಾಯಿತು? ಕೆ.ಆರ್. ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು? ಬೆಳ್ಳುಳ್ಳಿ ತಿನ್ನಿ ಅಂತ ಮಾತ್ರ ಹೇಳಬೇಡಿ, ನಮ್ಮತ್ತೆ ಆಗಲೇ ತಿನ್ನಿಸಿದ್ದಾರೆ.