ಸಹಾಯ ಬೇಕು: ಗೂಡ್ಸ್ ಗಾಡಿಗಳಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಲಾರಿ, ಲಗೇಜ್ ಆಟೋದಂಥ ಗೂಡ್ಸ್ ಗಾಡಿ ಓಡಿಸುವವರಿಗಾಗಿ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಹಾಳೆ ಸಿದ್ಧವಾಗುತ್ತಿದೆ. ಬೇರೆ ಬೇರೆ ಜಿಲ್ಲೆಯವರ ನೆರವು ಬೇಕು.

ಹೆಚ್ಚು ತೊಡಕು ಬರುವುದು ತೂಕದಲ್ಲಿ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಖಾಲಿ ಗಾಡಿಯ ತೂಕ ಬೇರೆ, ಲೋಡ್ ಸೇರಿದ ಒಟ್ಟು ತೂಕ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಗಾಡಿ 'ಲಘು' ಎನಿಸಿಕೊಳ್ಳಲು ಒಟ್ಟು ತೂಕ 7,500 ಕೆಜಿ ದಾಟಬಾರದು. ಖಾಲಿ ತೂಕದ ಲೆಕ್ಕ ಕಾರು, ಟ್ರ್ಯಾಕ್ಟರಿನಂಥವಕ್ಕೆ. ಒಟ್ಟು ತೂಕ 12,000 ಕೆಜಿ ದಾಟಿದರೆ ಭಾರಿ, ನಡುವಿನದು ಮಧ್ಯಮ. ಖಾಲಿ ತೂಕ ನಾಲ್ಕು ಟನ್ ಅಷ್ಟೇ ಎಂದು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನವರು ಒಟ್ಟು ಹನ್ನೊಂದು ಟನ್ನಿನ ಲಾರಿ ಹತ್ತಿದರೆ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಗೆ ಈ ಲೈಸೆನ್ಸಿನಲ್ಲಿ ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ (ಸಾರಿಗೆ ವಾಹನ ಓಡಿಸಲು ಅನುಮತಿಯ ನಮೂದು) ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಈ ಮಾತು ಪ್ರತಿ ಚಾಲಕರಿಗೂ ತಲುಪಲೇಬೇಕು.

ಹಾಳೆಯಲ್ಲಿ ಕಾಯ್ದೆಯ ಪದದ ಪಕ್ಕ ಗಾಡಿ ಸ್ಟ್ಯಾಂಡಿನಲ್ಲಿ ಆಡುವ ಪದವೂ ಇರಬೇಕು, ಇಲ್ಲದಿದ್ದರೆ ಯಾರೂ ಓದುವುದಿಲ್ಲ. ಟೆಂಪೋ ಅಂದರೆ ನಿಮ್ಮಲ್ಲಿ ಸರಕಿನದೋ, ಜನ ಕೂರುವುದೋ? ಟಾಟಾ ಏಸ್‌ನಂಥ ಚಿಕ್ಕ ಗಾಡಿಗೆ ಏನನ್ನುತ್ತೀರಿ? ಮೂರು ಚಕ್ರದ ಲಗೇಜ್ ಆಟೋಗೆ? ಉತ್ತರ ಕರ್ನಾಟಕದವರೇ, 'ಟಂಟಂ' ಪ್ಯಾಸೆಂಜರ್ ಗಾಡಿಗೆ ಮಾತ್ರವೋ, ಗೂಡ್ಸಿಗೂ ಸಲ್ಲುತ್ತದೋ?

ಉತ್ತರದಲ್ಲಿ ತಾಲ್ಲೂಕು, ಗಾಡಿಯ ಮಾಡೆಲ್, ಚಕ್ರ ಎಷ್ಟು, ಆರ್‌ಸಿಯ ವಾಹನ ವರ್ಗದ ಕಾಲಂನಲ್ಲಿ ಏನಿದೆ ಎಂಬುದನ್ನು ಬರೆಯಿರಿ. ಆರ್‌ಸಿ ಫೋಟೊ ಹಾಕುವವರು ಹೆಸರು, ವಿಳಾಸ, ಗಾಡಿ ನಂಬರ್, ಎಂಜಿನ್ ಮತ್ತು ಛಾಸಿ ನಂಬರ್ ಮುಚ್ಚಿ ಹಾಕಿ.